ವಿಎಂ ತಪ್ಪು ಡಿಸ್ಕ್‌ನಿಂದ ಬೂಟ್ ಆಗುತ್ತಿದ್ದರೆ ಎಲ್ಲಿ ಹುಡುಕಬೇಕು?

ಹೊಸ ಡೇಟಾ ಡಿಸ್ಕ್ ಸೇರಿಸಿದ ಮೇಲೆ ವಿಎಂ (ವರ್ಚುವಲ್ ಮಷಿನ್, ಅಂದರೆ ಒಂದು ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್) ಏಳುವುದೇ ಇಲ್ಲ. ಬ್ಯಾಕಪ್‌ನ ಡಿಸ್ಕ್ ಜೋಡಿಸಿ ರೀಬೂಟ್ ಮಾಡಿದರೆ ಹೋದ ತಿಂಗಳ ಫೈಲ್‌ಗಳು ಕಾಣುತ್ತವೆ. ರೆಸ್ಕ್ಯೂ ಐಎಸ್‌ಒ (ರಿಪೇರಿಗೆ ಬಳಸುವ ಸಿಡಿ ಇಮೇಜ್) ಹಾಕಿದ್ದರೂ ಕೆಟ್ಟುಹೋದ ಸಿಸ್ಟಂ ಡಿಸ್ಕ್‌ನಿಂದಲೇ ಶುರುವಾಗುತ್ತದೆ. ಈ ಮೂರನ್ನೂ ಜನ "ಬೂಟ್ ಡಿಸ್ಕ್ ತಪ್ಪಿದೆ" ಎಂದೇ ಹೇಳುತ್ತಾರೆ. ಆದರೆ ಮೂರಕ್ಕೂ ಕಾರಣ ಬೇರೆ ಬೇರೆ. ಕಾರಣ ಗೊತ್ತಾಗುವ ಮೊದಲೇ ಬೂಟ್ ಆರ್ಡರ್ (ಯಾವ ಡಿಸ್ಕನ್ನು ಮೊದಲು ನೋಡಬೇಕು ಎಂಬ ಕ್ರಮ) ಬದಲಿಸುತ್ತಾ ಕೂತರೆ ಸಮಯ ಹೋಗುತ್ತದೆ, ಕೆಲವು ಸಲ ಡೇಟಾನೂ ಹೋಗುತ್ತದೆ.

ಇಲ್ಲಿ ಮುಖ್ಯವಾಗಿ ಲಿನಕ್ಸ್ ಹೋಸ್ಟ್ ಮೇಲಿನ ಕೆವಿಎಂ, ಅಂದರೆ ಕ್ಯೂಎಂಯು ಮತ್ತು ಲಿಬ್‌ವರ್ಟ್ ಬಗ್ಗೆ ಬರೆದಿದ್ದೇನೆ. ವಿಎಂಗಳನ್ನು ಓಡಿಸುವ ಯಂತ್ರ ಹೋಸ್ಟ್, ವಿಎಂ ಒಳಗೆ ಓಡುವ ಸಿಸ್ಟಂ ಗೆಸ್ಟ್. ವಿಎಂ ಓಡಿಸುವ ಪ್ರೋಗ್ರಾಂ ಕ್ಯೂಎಂಯು. ವಿಎಂನ ವಿವರಗಳನ್ನು ಎಕ್ಸ್‌ಎಂಎಲ್‌ನಲ್ಲಿ ಬರೆದಿಟ್ಟು ಅದನ್ನು ನಿರ್ವಹಿಸುವುದು ಲಿಬ್‌ವರ್ಟ್, ಅದರ ಕಮಾಂಡ್ "ವರ್ಶ್". ಪ್ರಾಕ್ಸ್‌ಮಾಕ್ಸ್ ಕೂಡ ಒಳಗೆ ಕ್ಯೂಎಂಯುವನ್ನೇ ಓಡಿಸುವುದರಿಂದ ಹೆಚ್ಚಿನದು ಅಲ್ಲಿಗೂ ಹೊಂದುತ್ತದೆ. ವಿಎಂವೇರ್, ಹೈಪರ್-ವಿ, ವರ್ಚುವಲ್‌ಬಾಕ್ಸ್ ಬಳಸುವವರಿಗೆ ಕೊನೆಯಲ್ಲಿ ಒಂದಿಷ್ಟು ಇದೆ. ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಬೂಟ್ ಆಗುವಾಗ ಡಿಸ್ಕ್ ಆರಿಸುವುದು ಮೂರು ಸಲ

ಇದೊಂದು ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಮೊದಲ ಸಲ ಆರಿಸುವುದು ಫರ್ಮ್‌ವೇರ್, ಅಂದರೆ ಯಂತ್ರ ಆನ್ ಆದ ಕೂಡಲೇ ಓಡುವ ಮೊದಲ ಪ್ರೋಗ್ರಾಂ. ಹಳೆಯ ಬಯೋಸ್ ಶೈಲಿಯ ವಿಎಂನಲ್ಲಿ ಅದು ಸೀಬಯೋಸ್, ಯುಇಎಫ್‌ಐ ವಿಎಂನಲ್ಲಿ ಒವಿಎಂಎಫ್. ಯಾವ ಡಿಸ್ಕ್‌ನ ಬೂಟ್‌ಲೋಡರ್ ಓದಬೇಕು ಎಂದು ಅದು ತೀರ್ಮಾನಿಸುತ್ತದೆ. ಎರಡನೇ ಸಲ ಆ ಬೂಟ್‌ಲೋಡರ್, ಸಾಮಾನ್ಯವಾಗಿ ಗ್ರಬ್, ಕರ್ನಲ್ ಮತ್ತು ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆರಂಭದಲ್ಲಿ ಮೆಮೊರಿಯಿಂದ ಓಡುವ ಪುಟ್ಟ ಸಿಸ್ಟಂ) ಯಾವ ಡಿಸ್ಕ್‌ನಲ್ಲಿವೆ ಎಂದು ಹುಡುಕುತ್ತದೆ. ಮೂರನೇ ಸಲ ಇನಿಟ್‌ರಾಮ್‌ಎಫ್‌ಎಸ್ ರೂಟ್ ಫೈಲ್‌ಸಿಸ್ಟಂ (ಸಿಸ್ಟಂನ ಮುಖ್ಯ ಫೈಲ್‌ಗಳಿರುವ ಭಾಗ) ಎಲ್ಲಿದೆ ಎಂದು ಹುಡುಕಿ ಮೌಂಟ್ ಮಾಡುತ್ತದೆ.

ಮೂವರೂ ಡಿಸ್ಕ್ ಗುರುತಿಸುವ ರೀತಿ ಬೇರೆ. ಫರ್ಮ್‌ವೇರ್ ನೋಡುವುದು ಡಿಸ್ಕ್ ಕೂತಿರುವ ಸ್ಲಾಟ್ ಅಥವಾ ತನ್ನ ಎನ್‌ವಿರಾಮ್‌ನಲ್ಲಿ, ಅಂದರೆ ತನ್ನ ಸೆಟ್ಟಿಂಗ್‌ಗಳನ್ನು ಉಳಿಸಿಡುವ ಜಾಗದಲ್ಲಿ, ಬರೆದಿಟ್ಟ ನಮೂದು. ಗ್ರಬ್ ನೋಡುವುದು ಫೈಲ್‌ಸಿಸ್ಟಂನ ಯುಯುಐಡಿ, ಅಂದರೆ ಅದರ ಮೇಲೇ ಬರೆದಿರುವ ಉದ್ದದ ಗುರುತಿನ ಸಂಖ್ಯೆ. ಇನಿಟ್‌ರಾಮ್‌ಎಫ್‌ಎಸ್ ನೋಡುವುದು ಕರ್ನಲ್‌ಗೆ ಕೊಟ್ಟ "ರೂಟ್=" ಸಾಲಿನಲ್ಲಿರುವ ಯುಯುಐಡಿ, ಲೇಬಲ್ ಅಥವಾ ಎಲ್‌ವಿಎಂ (ಡಿಸ್ಕ್‌ಗಳನ್ನು ಒಟ್ಟುಗೂಡಿಸಿ ಬೇಕಾದಂತೆ ಹಂಚುವ ಲಿನಕ್ಸ್ ವ್ಯವಸ್ಥೆ) ಹೆಸರು. ನೀವು ಹೋಸ್ಟ್‌ನಲ್ಲಿ ಬದಲಿಸುವ ಬೂಟ್ ಆರ್ಡರ್ ಮೊದಲನೆಯದನ್ನು ಮಾತ್ರ ಹಿಡಿತದಲ್ಲಿಡುತ್ತದೆ. ಗ್ರಬ್ ಭಾಗದಲ್ಲಿ ಹೇಳುವ ಒಂದು ಅಪವಾದ ಬಿಟ್ಟರೆ ಉಳಿದೆರಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಯಾವ ಹಂತದಲ್ಲಿ ತಪ್ಪಿದೆ ಎಂಬುದನ್ನು ಕನ್ಸೋಲ್ ಪರದೆಯೇ ಹೇಳುತ್ತದೆ. "ಬೂಟಿಂಗ್ ಫ್ರಮ್ ಹಾರ್ಡ್ ಡಿಸ್ಕ್" ಆದ ಮೇಲೆ "ನಾಟ್ ಎ ಬೂಟಬಲ್ ಡಿಸ್ಕ್" ಅಥವಾ "ನೋ ಬೂಟಬಲ್ ಡಿವೈಸ್" ಎಂದು ಬಂದರೆ ಸೀಬಯೋಸ್ ಇನ್ನೂ ಮೊದಲ ಹಂತದಲ್ಲೇ ಇದೆ. "ಶೆಲ್>" ಎಂಬ ಪ್ರಾಂಪ್ಟ್ ಬಂದರೆ ಒವಿಎಂಎಫ್‌ಗೆ ಬೂಟ್ ಮಾಡಲು ಏನೂ ಸಿಕ್ಕಿಲ್ಲ. "ಗ್ರಬ್ ರೆಸ್ಕ್ಯೂ>" ಬಂದರೆ ಫರ್ಮ್‌ವೇರ್ ತನ್ನ ಕೆಲಸ ಮುಗಿಸಿದೆ, ತೊಂದರೆ ಗ್ರಬ್‌ನಲ್ಲಿದೆ. "ಇನಿಟ್‌ರಾಮ್‌ಎಫ್‌ಎಸ್" ಪ್ರಾಂಪ್ಟ್ ಅಥವಾ (ಇನಿಟ್‌ರಾಮ್‌ಎಫ್‌ಎಸ್ ಕಟ್ಟುವ) ಡ್ರಾಕಟ್‌ನ ಎಮರ್ಜೆನ್ಸಿ ಶೆಲ್ ಬಂದರೆ ಮೂರನೇ ಹಂತ. ವಿಎಂ ಪೂರ್ತಿ ಎದ್ದು ಲಾಗಿನ್ ಕೂಡ ಆಗಿ, ಒಳಗಿನ ಫೈಲ್‌ಗಳು ಮಾತ್ರ ಹಳೆಯವಾಗಿದ್ದರೆ ಅದು ಹೆಚ್ಚಾಗಿ ಮೂರನೇ ಹಂತದ್ದೇ. ಇದೇ ಎಲ್ಲಕ್ಕಿಂತ ಅಪಾಯದ್ದು. ಯಾವ ಎರರ್ ಕೂಡ ಬರುವುದಿಲ್ಲ, ಅಲ್ವಾ?

ಗ್ರಾಫಿಕ್ ಕನ್ಸೋಲ್ ಇಲ್ಲದ ಹೋಸ್ಟ್‌ನಲ್ಲಿ ಈ ಸಾಲುಗಳು ಕಣ್ಣಿಗೇ ಬೀಳುವುದಿಲ್ಲ. ಆಗ ಲಿಬ್‌ವರ್ಟ್ ಎಕ್ಸ್‌ಎಂಎಲ್‌ನ "ಒಎಸ್" ಭಾಗದಲ್ಲಿ "ಬಯೋಸ್" ಟ್ಯಾಗ್ ಹಾಕಿ, ಅದರಲ್ಲಿ "ಯೂಸ್‌ಸೀರಿಯಲ್" ಅನ್ನು "ಯೆಸ್" ಮಾಡಿ. ವಿಎಂಗೆ ಸೀರಿಯಲ್ ಪೋರ್ಟ್ ಒಂದಿದ್ದರೆ ಸೀಬಯೋಸ್ ಹೇಳುವುದೆಲ್ಲ "ವರ್ಶ್ ಕನ್ಸೋಲ್"ನಲ್ಲಿ ಕಾಣುತ್ತದೆ.

ವಿಡಿಎ, ಎಸ್‌ಡಿಎ ಹೆಸರುಗಳನ್ನು ನಂಬಬೇಡಿ

ಲಿಬ್‌ವರ್ಟ್ ಎಕ್ಸ್‌ಎಂಎಲ್‌ನಲ್ಲಿ ಡಿಸ್ಕ್‌ನ ಟಾರ್ಗೆಟ್ "ವಿಡಿಬಿ" ಎಂದಿದ್ದರೆ ಗೆಸ್ಟ್ ಒಳಗೂ ಅದು ವಿಡಿಬಿ ಆಗಿಯೇ ಇರುತ್ತದೆ ಎಂದು ತುಂಬ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. ಆ ಹೆಸರು ಡಿಸ್ಕ್‌ಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬ ಸುಳಿವು ಮಾತ್ರ. ಗೆಸ್ಟ್‌ನ ಕರ್ನಲ್ ತನಗೆ ಡಿಸ್ಕ್ ಸಿಕ್ಕ ಕ್ರಮದಲ್ಲಿ ಹೆಸರಿಡುತ್ತದೆ. ಸ್ಕಸಿ ಡಿಸ್ಕ್‌ಗಳನ್ನಂತೂ ಈಗಿನ ಕರ್ನಲ್‌ಗಳು ಒಟ್ಟೊಟ್ಟಿಗೇ ಪತ್ತೆ ಮಾಡುತ್ತವೆ. ಹಾಗಾಗಿ ಒಂದು ಬೂಟ್‌ನಲ್ಲಿ ಎಸ್‌ಡಿಎ ಆಗಿದ್ದದ್ದು ಇನ್ನೊಂದರಲ್ಲಿ ಎಸ್‌ಡಿಬಿ ಆಗಬಹುದು.

ನಂಬಬೇಕಾದದ್ದು ಸೀರಿಯಲ್ ನಂಬರ್. ಪ್ರತಿ ಡಿಸ್ಕ್‌ನ ಎಕ್ಸ್‌ಎಂಎಲ್‌ನಲ್ಲಿ "ಸೀರಿಯಲ್" ಎಂಬ ಟ್ಯಾಗ್ ಹಾಕಿ, ಅರ್ಥವಾಗುವ ಹೆಸರು ಕೊಡಿ. ಒಂದಕ್ಕೆ "ಸಿಸ್ಟಂ01", ಇನ್ನೊಂದಕ್ಕೆ "ಡೇಟಾ01" ಅಂದುಕೊಳ್ಳಿ. ವರ್ಟಿಯೊ (ವಿಎಂಗಳಿಗೆಂದೇ ಮಾಡಿದ ಡಿಸ್ಕ್ ಜೋಡಣೆ) ಬ್ಲಾಕ್ ಡಿಸ್ಕ್‌ಗೆ 20 ಅಕ್ಷರ ಮಾತ್ರ ಸಿಗುತ್ತದೆ, ಉದ್ದದ ಹೆಸರು ಬೇಡ. ಗೆಸ್ಟ್ ಒಳಗೆ "/ಡೆವ್/ಡಿಸ್ಕ್/ಬೈ-ಐಡಿ" ಫೋಲ್ಡರ್‌ನಲ್ಲಿ "ವರ್ಟಿಯೊ-" ಎಂಬ ಮುನ್ನುಡಿಯ ಜೊತೆ ಆ ಹೆಸರು ಕಾಣುತ್ತದೆ. "ಎಲ್‌ಎಸ್‌ಬಿಎಲ್‌ಕೆ" ಕಮಾಂಡ್‌ಗೆ "-ಒ" ಕೊಟ್ಟು ನೇಮ್, ಸೀರಿಯಲ್, ಯುಯುಐಡಿ, ಮೌಂಟ್‌ಪಾಯಿಂಟ್ ಕಾಲಂಗಳನ್ನು ಕೇಳಿದರೆ ಎಲ್ಲವೂ ಒಂದೇ ಕಡೆ ಸಿಗುತ್ತದೆ. ಹೋಸ್ಟ್ ಕಡೆ "ವರ್ಶ್ ಡಾಮ್‌ಬಿಎಲ್‌ಕೆಲಿಸ್ಟ್"ಗೆ ವಿಎಂ ಹೆಸರು, "--ಡೀಟೇಲ್ಸ್" ಕೊಟ್ಟರೆ ಯಾವ ಟಾರ್ಗೆಟ್‌ಗೆ ಯಾವ ಇಮೇಜ್ ಫೈಲ್ ಎಂದು ಗೊತ್ತಾಗುತ್ತದೆ. ತೊಂದರೆ ಬಂದಾಗ ಮಾತ್ರವಲ್ಲ, ವಿಎಂ ಮಾಡುವಾಗಲೇ ಸೀರಿಯಲ್ ಹಾಕಿಟ್ಟರೆ ಮುಂದೆ ತುಂಬ ಅನುಕೂಲ.

ಮೊದಲ ಹಂತ: ಫರ್ಮ್‌ವೇರ್ ಯಾವ ಡಿಸ್ಕ್ ಓದುತ್ತಿದೆ?

"ವರ್ಶ್ ಡಂಪ್‌ಎಕ್ಸ್‌ಎಂಎಲ್" ಹೊಡೆದು ಬೂಟ್ ಬಗ್ಗೆ ಏನಿದೆ ನೋಡಿ. ಎರಡು ವಿಧಾನಗಳಲ್ಲಿ ಒಂದು ಇರುತ್ತದೆ.

ಹಳೆಯದು "ಒಎಸ್" ಭಾಗದ ಒಳಗಿರುವ "ಬೂಟ್ ಡೆವ್". ಅದಕ್ಕೆ ಎಚ್‌ಡಿ, ಸಿಡಿರಾಮ್, ನೆಟ್‌ವರ್ಕ್, ಎಫ್‌ಡಿ ಎಂಬ ಜಾತಿಗಳು ಮಾತ್ರ ಗೊತ್ತು. "ಎಚ್‌ಡಿ" ಎಂದರೆ ಯಾವ ಹಾರ್ಡ್ ಡಿಸ್ಕ್? ಲಿಬ್‌ವರ್ಟ್ ಎಕ್ಸ್‌ಎಂಎಲ್‌ನಲ್ಲಿ ಬಸ್‌ಗಳು ಬಂದ ಕ್ರಮವನ್ನು ಹಾಗೇ ಇಟ್ಟುಕೊಂಡು, ಒಂದೇ ಬಸ್‌ನ ಡಿಸ್ಕ್‌ಗಳನ್ನು ಟಾರ್ಗೆಟ್ ಹೆಸರಿನ ಪ್ರಕಾರ ಜೋಡಿಸುತ್ತದೆ. ಆ ಪಟ್ಟಿಯ ಮೊದಲನೆಯದಕ್ಕೆ ಮಾತ್ರ ಬೂಟ್ ಗುರುತು ಹಾಕುತ್ತದೆ. ಎಕ್ಸ್‌ಎಂಎಲ್‌ನಲ್ಲಿ ವಿಡಿಬಿ, ಎಚ್‌ಡಿಎ, ವಿಡಿಎ, ಎಚ್‌ಡಿಸಿ ಎಂಬ ಕ್ರಮವಿದ್ದರೆ ವಿಡಿಎ ಬೂಟ್ ಆಗುತ್ತದೆ. ಅದೇ ನಾಲ್ಕು ಡಿಸ್ಕ್‌ಗಳು ಎಚ್‌ಡಿಸಿ, ವಿಡಿಎ, ವಿಡಿಬಿ, ಎಚ್‌ಡಿಎ ಎಂದು ಬಂದರೆ ಎಚ್‌ಡಿಎ ಬೂಟ್ ಆಗುತ್ತದೆ. ಡಿಸ್ಕ್‌ಗಳು ಅವೇ, ಬರೆದ ಕ್ರಮ ಬದಲಾಯಿತು ಅಷ್ಟೇ. ಸುಮ್ನೆ ಒಂದು ಐಡಿಇ ಅಥವಾ ಸಾಟಾ ಡಿಸ್ಕ್ ಸೇರಿಸಿದ ಮಾತ್ರಕ್ಕೆ ವಿಎಂ ಏಳದೇ ಹೋಗುವುದರ ಹಿಂದೆ ಈ ನಿಯಮ ಇರಬಹುದು.

ಹೊಸದು, ಮತ್ತು ನನ್ನ ಪ್ರಕಾರ ಎಲ್ಲರೂ ಬಳಸಬೇಕಾದದ್ದು, ಪ್ರತಿ ಡಿಸ್ಕ್‌ನ ಟ್ಯಾಗ್ ಒಳಗೇ "ಬೂಟ್ ಆರ್ಡರ್=1", "ಬೂಟ್ ಆರ್ಡರ್=2" ಎಂದು ಬರೆಯುವುದು. ಇದು ಲಿಬ್‌ವರ್ಟ್ 0.8.8ರಿಂದಲೇ ಇದೆ. ಇದರಲ್ಲಿ ಊಹೆಗೆ ಜಾಗವಿಲ್ಲ. ಎರಡು ಷರತ್ತುಗಳಿವೆ. ಒಂದು, "ಒಎಸ್" ಭಾಗದ ಹಳೆಯ "ಬೂಟ್ ಡೆವ್" ಸಾಲುಗಳನ್ನು ಪೂರ್ತಿ ತೆಗೆಯಬೇಕು. ಎರಡೂ ಒಟ್ಟಿಗಿದ್ದರೆ ಲಿಬ್‌ವರ್ಟ್ ಸೇವ್ ಮಾಡಲು ಒಪ್ಪುವುದಿಲ್ಲ. ಇನ್ನೊಂದು, ಒಂದೇ ನಂಬರನ್ನು ಎರಡು ಸಾಧನಗಳಿಗೆ ಕೊಡುವಂತಿಲ್ಲ. ವರ್ಟ್-ಮ್ಯಾನೇಜರ್ ಬಳಸುವವರು ಬೂಟ್ ಆಪ್ಶನ್ಸ್ ಪುಟದಲ್ಲಿ ಟಿಕ್ ಹಾಕಿ, ಬಾಣದ ಗುರುತಿನಿಂದ ಮೇಲೆ ಕೆಳಗೆ ಮಾಡಿದರೂ ಇದೇ ಕೆಲಸ ಆಗುತ್ತದೆ.

ನೇರ ಕ್ಯೂಎಂಯು ಓಡಿಸುವವರಿಗೆ ಇದರ ಹೆಸರು "ಬೂಟ್‌ಇಂಡೆಕ್ಸ್". ಹಳೆಯ "-ಬೂಟ್ ಆರ್ಡರ್=ಸಿ" ಮತ್ತು ಬೂಟ್‌ಇಂಡೆಕ್ಸ್ ಎರಡನ್ನೂ ಸೇರಿಸಿ ಬಳಸಬಾರದು.

ಬದಲಿಸಿದ್ದು ಹಿಡಿಯುತ್ತಿಲ್ಲವೇ? ಗೆಸ್ಟ್ ಒಳಗಿಂದ ರೀಬೂಟ್ ಮಾಡಿದರೆ ಹೋಸ್ಟ್‌ನಲ್ಲಿ ಅದೇ ಕ್ಯೂಎಂಯು ಪ್ರೊಸೆಸ್ ಮುಂದುವರಿಯುತ್ತದೆ. ಅದರ ಕೈಯಲ್ಲಿರುವುದು ಹಳೆಯ ಬೂಟ್ ಆರ್ಡರ್. "ವರ್ಶ್ ರೀಬೂಟ್" ಮಾಡಿದರೂ ಅಷ್ಟೇ. ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಸ್ಟಾರ್ಟ್ ಮಾಡಬೇಕು. ಈಗ ಓಡುತ್ತಿರುವುದಕ್ಕೂ ಸೇವ್ ಆಗಿರುವುದಕ್ಕೂ ವ್ಯತ್ಯಾಸವಿದೆಯೇ ಎಂದು ನೋಡಲು "ಡಂಪ್‌ಎಕ್ಸ್‌ಎಂಎಲ್" ಅನ್ನು ಒಮ್ಮೆ ಹಾಗೆಯೇ, ಇನ್ನೊಮ್ಮೆ "--ಇನಾಕ್ಟಿವ್" ಜೊತೆ ಹೊಡೆದು ಹೋಲಿಸಿ. ಪ್ರಾಕ್ಸ್‌ಮಾಕ್ಸ್‌ನಲ್ಲಿ "ಕ್ಯೂಎಂ ಪೆಂಡಿಂಗ್" ಇದೇ ಮಾಹಿತಿ ಕೊಡುತ್ತದೆ.

ಸೀಬಯೋಸ್‌ನ ಇನ್ನೊಂದು ಮಿತಿ ಗೊತ್ತಿರಲಿ. ಪಿಸಿ ಬಯೋಸ್ ಪದ್ಧತಿಯಲ್ಲಿ ಬೂಟ್‌ಗೆ ಒಂದೇ ಹಾರ್ಡ್ ಡಿಸ್ಕ್‌ಗೆ ಅವಕಾಶ. ಅದು ಸೋತರೆ ಮುಂದಿನ ಹಾರ್ಡ್ ಡಿಸ್ಕ್‌ಗೆ ಹೋಗುವುದಿಲ್ಲ. ಫ್ಲಾಪಿ, ನೆಟ್‌ವರ್ಕ್ ಇದ್ದರೆ ಅವನ್ನು ನೋಡಬಹುದು ಅಷ್ಟೇ. ಆದ್ದರಿಂದ "ಆರ್ಡರ್ 1 ಖಾಲಿ ಡಿಸ್ಕ್ ಆದರೂ ಪರವಾಗಿಲ್ಲ, ಆರ್ಡರ್ 2ರಿಂದ ಎದ್ದೇಳುತ್ತದೆ" ಎಂಬ ಲೆಕ್ಕ ಬಯೋಸ್ ವಿಎಂನಲ್ಲಿ ನಡೆಯದು. ಸಿಸ್ಟಂ ಡಿಸ್ಕ್‌ಗೇ 1 ಕೊಡಿ.

ಡಿಸ್ಕ್ ಸರಿಯಾದದ್ದೇ, ಆರ್ಡರ್ ಕೂಡ ಸರಿ, ಆದರೂ "ನಾಟ್ ಎ ಬೂಟಬಲ್ ಡಿಸ್ಕ್" ಬರುತ್ತಿದೆ ಅಂದುಕೊಳ್ಳಿ. ಆಗ ಡಿಸ್ಕ್‌ನ "ಡ್ರೈವರ್ ಟೈಪ್" ನೋಡಿ. ಸೀಬಯೋಸ್ ಮೊದಲ 512 ಬೈಟ್ ಓದಿ, ಕೊನೆಯ ಎರಡು ಬೈಟ್‌ಗಳಲ್ಲಿ 55 ಎಎ ಎಂಬ ಗುರುತು ಹುಡುಕುತ್ತದೆ. ಇಮೇಜ್ ಕ್ಯೂಕೌ2 (ಕ್ಯೂಎಂಯುವಿನ ಸ್ವಂತ ಡಿಸ್ಕ್ ಫೈಲ್ ರೂಪ, ಅದಕ್ಕೆ ತನ್ನದೇ ಹೆಡರ್ ಇರುತ್ತದೆ) ಆಗಿದ್ದು, ಎಕ್ಸ್‌ಎಂಎಲ್‌ನಲ್ಲಿ "ರಾ" ಎಂದಿದ್ದರೆ, ಗೆಸ್ಟ್‌ಗೆ ಕ್ಯೂಕೌ2 ಫೈಲ್‌ನ ತಲೆಭಾಗವೇ ಮೊದಲ ಸೆಕ್ಟರ್ ಆಗಿ ಕಾಣುತ್ತದೆ. ಅಲ್ಲಿ ಆ ಗುರುತು ಇರುವುದಿಲ್ಲ. ಟೈಪ್ ಬರೆಯದೇ ಬಿಟ್ಟರೂ ಲಿಬ್‌ವರ್ಟ್ ಅದನ್ನು "ರಾ" ಎಂದೇ ತೆಗೆದುಕೊಳ್ಳುತ್ತದೆ, ಸುರಕ್ಷತೆಗಾಗಿ ತಾನಾಗಿ ಊಹಿಸಲು ಹೋಗುವುದಿಲ್ಲ. "ಕ್ಯೂಎಂಯು-ಐಎಂಜಿ ಇನ್ಫೊ" ಹೊಡೆದರೆ ಫೈಲ್ ನಿಜಕ್ಕೂ ಏನು ಎಂದು ತಿಳಿಯುತ್ತದೆ. ಇಂಥ ಸ್ಥಿತಿಯಲ್ಲಿ ರೆಸ್ಕ್ಯೂ ಸಿಡಿಯಿಂದ ಎದ್ದು ಆ ಡಿಸ್ಕ್‌ಗೆ ಏನನ್ನೂ ಬರೆಯಬೇಡಿ. ಬರೆದರೆ ಕ್ಯೂಕೌ2 ಹೆಡರ್ ಅಳಿಸಿ ಹೋಗಿ ಇಡೀ ಇಮೇಜ್ ಕೈತಪ್ಪಬಹುದು.

ಪ್ರಾಕ್ಸ್‌ಮಾಕ್ಸ್‌ನಲ್ಲಿ ಪದೇ ಪದೇ ಕಾಣುವ ಕಾರಣ ಇನ್ನೂ ಸರಳ. "ಕ್ಯೂಎಂ ಇಂಪೋರ್ಟ್‌ಡಿಸ್ಕ್" ಮಾಡಿದ ಡಿಸ್ಕ್ ಮೊದಲು "ಅನ್‌ಯೂಸ್ಡ್0" ಆಗಿ ಕೂತಿರುತ್ತದೆ. ಅದನ್ನು ಜೋಡಿಸಿದ ಮೇಲೂ ಆಪ್ಶನ್ಸ್ ಪುಟದ ಬೂಟ್ ಆರ್ಡರ್‌ನಲ್ಲಿ ಟಿಕ್ ಬಿದ್ದಿರುವುದಿಲ್ಲ. ಕಮಾಂಡ್‌ನಿಂದ ಮಾಡುವುದಾದರೆ "ಕ್ಯೂಎಂ ಸೆಟ್ 100 --ಬೂಟ್ ಆರ್ಡರ್=ಸ್ಕಸಿ0;ನೆಟ್0" ಎಂಬ ರೀತಿಯಲ್ಲಿ ಬರುತ್ತದೆ. ಇಲ್ಲಿ "ಆರ್ಡರ್=" ನಂತರದ್ದನ್ನೆಲ್ಲ ಸಿಂಗಲ್ ಕೋಟ್ ಒಳಗೆ ಇಡಬೇಕು. ಇಡದಿದ್ದರೆ ಶೆಲ್ ಆ ಅರ್ಧವಿರಾಮವನ್ನು ಕಮಾಂಡ್ ಮುಗಿಯಿತು ಎಂದು ಓದಿ, ಉಳಿದದ್ದನ್ನು ಬೇರೆ ಕಮಾಂಡ್ ಆಗಿ ಓಡಿಸಲು ನೋಡುತ್ತದೆ.

ರೆಸ್ಕ್ಯೂ ಸಿಡಿಯಿಂದ ಒಂದೇ ಒಂದು ಸಲ ಏಳಿಸಬೇಕಿದ್ದರೆ ಆರ್ಡರ್ ಮುಟ್ಟುವುದೇ ಬೇಡ. ಬೂಟ್ ಮೆನು ಆನ್ ಮಾಡಿ. ಲಿಬ್‌ವರ್ಟ್‌ನಲ್ಲಿ "ಬೂಟ್‌ಮೆನು" ಟ್ಯಾಗ್‌ಗೆ "ಎನೇಬಲ್=ಯೆಸ್", "ಟೈಮ್‌ಔಟ್=5000" ಕೊಟ್ಟರೆ 5 ಸೆಕೆಂಡ್ ಕಾಯುತ್ತದೆ, ಎಸ್ಕೇಪ್ ಒತ್ತಿ ಬೇಕಾದ್ದನ್ನು ಆರಿಸಬಹುದು. ಅಥವಾ "ವರ್ಟ್-ಎಕ್ಸ್‌ಎಂಎಲ್" ಕಮಾಂಡ್‌ನಲ್ಲಿ "--ಎಡಿಟ್ --ಬೂಟ್ ಸಿಡಿರಾಮ್" ಜೊತೆ "--ನೋ-ಡಿಫೈನ್ --ಸ್ಟಾರ್ಟ್" ಸೇರಿಸಿ. ಆ ಒಂದು ಸಲ ಮಾತ್ರ ಸಿಡಿಯಿಂದ ಏಳುತ್ತದೆ, ಸೇವ್ ಆಗಿರುವುದು ಹಾಗೇ ಉಳಿಯುತ್ತದೆ. ನನಗೆ ಈ ಎರಡನೆಯದೇ ಇಷ್ಟ, ವಾಪಸ್ ಬದಲಿಸಬೇಕು ಎಂದು ನೆನಪಿಡುವ ಗೋಜಿಲ್ಲ.

ಯುಇಎಫ್‌ಐ ವಿಎಂ ಆಗಿದ್ದರೆ

ಒವಿಎಂಎಫ್ ಬೂಟ್ ನಮೂದುಗಳನ್ನು ಡಿಸ್ಕ್‌ನಲ್ಲಿ ಇಡುವುದಿಲ್ಲ. ಪ್ರತಿ ವಿಎಂಗೂ ಒಂದು ಎನ್‌ವಿರಾಮ್ ಫೈಲ್ ಇರುತ್ತದೆ. ಲಿಬ್‌ವರ್ಟ್‌ನಲ್ಲಿ ಅದರ ಜಾಗ ಸಾಮಾನ್ಯವಾಗಿ "/ವಾರ್/ಲಿಬ್/ಲಿಬ್‌ವರ್ಟ್/ಕ್ಯೂಎಂಯು/ಎನ್‌ವಿರಾಮ್". ಡಿಸ್ಕ್ ಇಮೇಜ್ ಮಾತ್ರ ಇನ್ನೊಂದು ಹೋಸ್ಟ್‌ಗೆ ನಕಲು ಮಾಡಿ, ಈ ಫೈಲ್ ಬಿಟ್ಟು ಬಂದರೆ "ಉಬುಂಟು" ಎಂಬ ನಮೂದು ಅಲ್ಲಿಗೆ ಬರುವುದೇ ಇಲ್ಲ. ಆಗ ಒವಿಎಂಎಫ್ ಇಎಸ್‌ಪಿ (ಯುಇಎಫ್‌ಐ ಬೂಟ್ ಫೈಲ್‌ಗಳಿರುವ) ಪಾರ್ಟಿಶನ್‌ನಲ್ಲಿ "ಇಎಫ್‌ಐ/ಬೂಟ್" ಫೋಲ್ಡರ್‌ನ "ಬೂಟ್‌ಎಕ್ಸ್64.ಇಎಫ್‌ಐ" ಫೈಲ್ ಹುಡುಕುತ್ತದೆ. ಅದೂ ಇಲ್ಲದಿದ್ದರೆ ಶೆಲ್ ಪ್ರಾಂಪ್ಟ್‌ಗೆ ಬಂದು ನಿಲ್ಲುತ್ತದೆ.

ಅಲ್ಲಿಂದ ಕೈಯಾರೆ ಏಳಿಸಬಹುದು. "ಮ್ಯಾಪ್" ಹೊಡೆದರೆ "ಎಫ್‌ಎಸ್0:", "ಎಫ್‌ಎಸ್1:" ಎಂದು ಪಟ್ಟಿ ಬರುತ್ತದೆ. "ಎಫ್‌ಎಸ್0:" ಟೈಪ್ ಮಾಡಿ ಒಳಗೆ ಹೋಗಿ, "ಇಎಫ್‌ಐ" ಫೋಲ್ಡರ್‌ನಲ್ಲಿರುವ ಶಿಮ್ ಅಥವಾ ಗ್ರಬ್ ಫೈಲ್‌ನ ಹೆಸರು ಕೊಟ್ಟರೆ ಶುರುವಾಗುತ್ತದೆ. ಸಿಸ್ಟಂ ಎದ್ದ ಮೇಲೆ "ಇಎಫ್‌ಐಬೂಟ್‌ಎಂಜಿಆರ್ -ವಿ" ಹೊಡೆದು ನಮೂದುಗಳನ್ನು ನೋಡಿ, "-ಒ" ಕೊಟ್ಟು ಕ್ರಮ ಬದಲಿಸಿ. ಮುಂದಿನ ಒಂದು ಬೂಟ್‌ಗೆ ಮಾತ್ರ ಬೇಕಿದ್ದರೆ "-ಎನ್" ಇದೆ. ಆದರೆ ಹೋಸ್ಟ್‌ನಲ್ಲಿ ಬೂಟ್‌ಇಂಡೆಕ್ಸ್ ಕೊಟ್ಟಿದ್ದರೆ ಒವಿಎಂಎಫ್ ಅದನ್ನು ನೋಡಿ ತನ್ನ ಪಟ್ಟಿಯನ್ನು ಮತ್ತೆ ಜೋಡಿಸಿಕೊಳ್ಳುತ್ತದೆ. ಗೆಸ್ಟ್ ಒಳಗೆ ಬದಲಿಸಿದ್ದು ಮುಂದಿನ ಸ್ಟಾರ್ಟ್‌ಗೆ ಮಾಯವಾಗುತ್ತಿದ್ದರೆ ಇದೇ ಕಾರಣ. ಎರಡು ಕಡೆ ಹಿಡಿತ ಇಟ್ಟುಕೊಳ್ಳಬೇಡಿ. ಹೋಸ್ಟ್ ಕಡೆಯೇ ಸಾಕು.

ಡಿಸ್ಕ್‌ಗಳನ್ನು ಆಗಾಗ ಬೇರೆ ವಿಎಂಗೆ ಸಾಗಿಸುವವರು "ಗ್ರಬ್-ಇನ್‌ಸ್ಟಾಲ್ --ರಿಮೂವಬಲ್" ಒಮ್ಮೆ ಓಡಿಸಿ, ಆ ಬೂಟ್‌ಎಕ್ಸ್64 ಫೈಲ್ ಡಿಸ್ಕ್‌ನಲ್ಲೇ ಇರುವಂತೆ ಮಾಡಿಕೊಳ್ಳಿ. ಎನ್‌ವಿರಾಮ್‌ನಲ್ಲಿ ಹಳೆಯ ನಮೂದುಗಳು ತುಂಬಿ ಗೊಂದಲವಾಗಿದ್ದರೆ "ವರ್ಶ್ ಸ್ಟಾರ್ಟ್"ಗೆ "--ರೀಸೆಟ್-ಎನ್‌ವಿರಾಮ್" ಕೊಟ್ಟು ಹೊಸದಾಗಿ ಶುರು ಮಾಡಬಹುದು, ಲಿಬ್‌ವರ್ಟ್ 8.1.0 ಅಥವಾ ನಂತರದ್ದು ಇರಬೇಕು.

ಯುಇಎಫ್‌ಐನಲ್ಲಿ ಇನ್‌ಸ್ಟಾಲ್ ಆದ ಡಿಸ್ಕನ್ನು ಸೀಬಯೋಸ್ ವಿಎಂಗೆ ಹಾಕಿದರೆ ಯಾವ ಆರ್ಡರ್ ಕೊಟ್ಟರೂ ಏಳುವುದಿಲ್ಲ. ಮೂಲ ವಿಎಂ ಇನ್ನೂ ಓಡುತ್ತಿದ್ದರೆ ಅದರೊಳಗೆ "/ಸಿಸ್/ಫರ್ಮ್‌ವೇರ್/ಇಎಫ್‌ಐ" ಇದೆಯೇ ನೋಡಿ. ಇದ್ದರೆ ಯುಇಎಫ್‌ಐ. ವಿಎಂ ಇಲ್ಲ, ಇಮೇಜ್ ಮಾತ್ರ ಕೈಯಲ್ಲಿದೆ ಎಂದಾದರೆ ಹೋಸ್ಟ್‌ನಲ್ಲಿ "ವರ್ಟ್-ಫೈಲ್‌ಸಿಸ್ಟಮ್ಸ್" ಕಮಾಂಡ್‌ಗೆ "--ಆಲ್ --ಲಾಂಗ್ --ಯುಯುಐಡಿ -ಎ" ಮತ್ತು ಇಮೇಜ್ ಹೆಸರು ಕೊಡಿ. ಮೊದಲ ಪಾರ್ಟಿಶನ್‌ಗಳಲ್ಲಿ ಚಿಕ್ಕದೊಂದು ವಿಫ್ಯಾಟ್ ಕಂಡರೆ ಅದು ಇಎಸ್‌ಪಿ ಇರಬೇಕು.

ಎರಡನೇ ಹಂತ: ಗ್ರಬ್

ಇಲ್ಲಿ ಎರಡು ತೊಂದರೆಗಳಷ್ಟೇ ಹೇಳುವಂಥವು.

ಮೊದಲನೆಯದು, ರೂಟ್ ಅಥವಾ ಬೂಟ್ ಇರುವ ಎಲ್‌ವಿಎಂ ಎರಡು ಡಿಸ್ಕ್‌ಗಳ ಮೇಲೆ ಹರಡಿರುವ ವಿಎಂ. ನೆನ್ನೆವರೆಗೂ ಏಳುತ್ತಿತ್ತು, ಹೋಸ್ಟ್ ಅಪ್‌ಡೇಟ್ ಆದ ಮೇಲೆ "ಡಿಸ್ಕ್ ಎಲ್‌ವಿಎಂಐಡಿ ... ನಾಟ್ ಫೌಂಡ್" ಎಂದು ಗ್ರಬ್ ರೆಸ್ಕ್ಯೂಗೆ ಬೀಳುತ್ತದೆ. ಲಿಬ್‌ವರ್ಟ್ ಕ್ಯೂಎಂಯುವಿಗೆ "ಸ್ಟ್ರಿಕ್ಟ್" ಬೂಟ್ ಎಂದು ಹೇಳಿರುತ್ತದೆ. ಹೊಸ ಸೀಬಯೋಸ್ ಆವೃತ್ತಿಗಳು ಆಗ ಬೂಟ್ ಆರ್ಡರ್ ಇರುವ ಡಿಸ್ಕ್‌ಗಳನ್ನು ಮಾತ್ರ ತೆರೆಯುತ್ತವೆ. ಗ್ರಬ್ ಬಯೋಸ್ ಮೂಲಕವೇ ಡಿಸ್ಕ್ ಓದುವುದರಿಂದ ಎರಡನೇ ಡಿಸ್ಕ್ ಅದಕ್ಕೆ ಕಾಣುವುದೇ ಇಲ್ಲ. ಎರಡನೇ ಡಿಸ್ಕ್‌ಗೂ "ಬೂಟ್ ಆರ್ಡರ್=2" ಕೊಡಿ, ಸರಿಹೋಗುತ್ತದೆ. ಅದರಿಂದ ಬೂಟ್ ಮಾಡಿಸುವುದು ನಮ್ಮ ಉದ್ದೇಶವಲ್ಲ, ಗ್ರಬ್ ಕಣ್ಣಿಗೆ ಬೀಳಿಸುವುದಷ್ಟೇ.

ಎರಡನೆಯದು, ಅಪ್‌ಡೇಟ್ ಒಂದು ಡಿಸ್ಕ್‌ಗೆ, ಬೂಟ್ ಇನ್ನೊಂದರಿಂದ. ಫರ್ಮ್‌ವೇರ್ ಒಂದು ಡಿಸ್ಕ್‌ನ ಹಳೆಯ ಗ್ರಬ್ ತಿರುಳನ್ನು ಓದುತ್ತದೆ. ಅದು ಇನ್ನೊಂದು ಡಿಸ್ಕ್‌ನಲ್ಲಿರುವ ಹೊಸ ಗ್ರಬ್ ಮಾಡ್ಯೂಲ್‌ಗಳನ್ನು ಎತ್ತಿಕೊಳ್ಳುತ್ತದೆ. ಎರಡೂ ಹೊಂದದೆ "ಸಿಂಬಲ್ ... ನಾಟ್ ಫೌಂಡ್" ಎಂದು ನಿಲ್ಲುತ್ತದೆ. 2020ರ ಜುಲೈನಲ್ಲಿ ಬೂಟ್‌ಹೋಲ್ ದೋಷಕ್ಕೆ ಬಂದ ಗ್ರಬ್ ಅಪ್‌ಡೇಟ್ ಹಾಕಿದ ಮೇಲೆ "ಗ್ರಬ್_ಕ್ಯಾಲಾಕ್" ಸಿಗುತ್ತಿಲ್ಲ ಎಂದು ನಿಂತ ಸಿಸ್ಟಂಗಳಲ್ಲಿ ಆದದ್ದು ಇಂಥದ್ದೇ. ಡೆಬಿಯನ್, ಉಬುಂಟು ಬಯೋಸ್ ವಿಎಂಗಳಲ್ಲಿ "ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಪಿಸಿ" ಓಡಿಸಿ, ಗ್ರಬ್ ಯಾವ ಡಿಸ್ಕ್‌ಗೆ ಹೋಗಬೇಕು ಎಂದು ಮತ್ತೆ ಆರಿಸಿ. ಆ ಆಯ್ಕೆಯನ್ನು ಸಿಸ್ಟಂ ನೆನಪಿಟ್ಟುಕೊಂಡಿರುತ್ತದೆ. ಡಿಸ್ಕ್ ಬದಲಾದರೂ ಆ ನೆನಪು ಹಳೆಯದೇ ಇರುತ್ತದೆ.

ಮೂರನೇ ಹಂತ: ಒಂದೇ ಗುರುತಿನ ಎರಡು ಡಿಸ್ಕ್‌ಗಳು

ಈಗ ನಿಜವಾಗಿ ಕಾಡುವ ವಿಷಯಕ್ಕೆ ಬರೋಣ.

ಒಂದು ವಿಎಂನಿಂದ ಯಾರೋ ಫೈಲ್ ಅಳಿಸಿದ್ದಾರೆ. ಹಳೆಯ ಸ್ನ್ಯಾಪ್‌ಶಾಟ್‌ನಿಂದ ಡಿಸ್ಕ್ ಮಾಡಿ ಅದೇ ವಿಎಂಗೆ ಎರಡನೇ ಡಿಸ್ಕ್ ಆಗಿ ಜೋಡಿಸಿ, ಆ ಫೈಲನ್ನು ನಕಲು ಮಾಡಿಕೊಳ್ಳುವುದು ಎಲ್ಲರಿಗೂ ಹೊಳೆಯುವ ದಾರಿ. ಆದರೆ ಸ್ನ್ಯಾಪ್‌ಶಾಟ್ ಅಂದರೆ ಬೈಟ್ ಬೈಟ್ ನಕಲು. ಫೈಲ್‌ಸಿಸ್ಟಂನ ಯುಯುಐಡಿ, ಲೇಬಲ್, ಎಲ್‌ವಿಎಂ ಗುರುತು ಎಲ್ಲವೂ ಅವಳಿ. ಕರ್ನಲ್ ಸಾಲಿನಲ್ಲಿ "ರೂಟ್=ಯುಯುಐಡಿ=..." ಎಂದಿರುತ್ತದೆ. ಇನಿಟ್‌ರಾಮ್‌ಎಫ್‌ಎಸ್ ಆ ಯುಯುಐಡಿ ಯಾವುದಕ್ಕಿದೆ ಎಂದು ಹುಡುಕಿದಾಗ ಎರಡು ಸಿಗುತ್ತವೆ. ಯಾವುದು ಗೆಲ್ಲುತ್ತದೆ ಎಂಬುದು ಡಿಸ್ಕ್‌ಗಳು ಪತ್ತೆಯಾದ ಸಮಯದ ಮೇಲೆ ನಿಂತಿದೆ. ಒಂದು ರೀಬೂಟ್‌ನಲ್ಲಿ ಸರಿಯಾದದ್ದು ಬಂದು, ಮುಂದಿನದರಲ್ಲಿ ಹಳೆಯದು ಬರಬಹುದು. ಬೂಟ್ ಆರ್ಡರ್ ಪಕ್ಕಾ ಇದ್ದರೂ ಇದು ಆಗುತ್ತದೆ.

ಅಮೆಜಾನ್ ಇಸಿ2 ಕೈಪಿಡಿಯಲ್ಲೂ ಇದಕ್ಕಾಗಿಯೇ ಒಂದು ಪುಟವಿದೆ. ಬೇರೆ ಇನ್‌ಸ್ಟನ್ಸ್‌ನ ರೂಟ್ ವಾಲ್ಯೂಮ್ ಅಥವಾ ರೂಟ್ ಸ್ನ್ಯಾಪ್‌ಶಾಟ್‌ನಿಂದ ಮಾಡಿದ ವಾಲ್ಯೂಮ್ ಜೋಡಿಸಿದಾಗ, ಲಿನಕ್ಸ್ ಇನ್‌ಸ್ಟನ್ಸ್ ತಪ್ಪು ವಾಲ್ಯೂಮ್‌ನಿಂದ ಏಳಬಹುದು ಎಂದು ಅದು ಹೇಳುತ್ತದೆ. ಕಾರಣವೂ ಇದೇ, ಇನಿಷಿಯಲ್ ರಾಮ್‌ಡಿಸ್ಕ್ ಲೇಬಲ್ ನೋಡಿ ಆರಿಸುವುದು.

ಖಚಿತ ಮಾಡಿಕೊಳ್ಳುವುದು ಸುಲಭ. ಗೆಸ್ಟ್ ಒಳಗೆ "ಫೈಂಡ್‌ಎಂಎನ್‌ಟಿ /" ಹೊಡೆಯಿರಿ. ರೂಟ್ ಯಾವ ಸಾಧನದಿಂದ ಬಂದಿದೆ ಎಂದು ಅದು ಹೇಳುತ್ತದೆ. ಆ ಹೆಸರನ್ನು ಎಲ್‌ಎಸ್‌ಬಿಎಲ್‌ಕೆಯ ಸೀರಿಯಲ್ ಕಾಲಂ ಜೊತೆ ಹೊಂದಿಸಿ. "ಬಿಎಲ್‌ಕೆಐಡಿ" ಹೊಡೆದು ಒಂದೇ ಯುಯುಐಡಿ ಎರಡು ಕಡೆ ಇದೆಯೇ ನೋಡಿ. "/ಪ್ರಾಕ್/ಸಿಎಂಡಿಲೈನ್" ಫೈಲ್ ಓದಿದರೆ ರೂಟ್ ಯಾವುದರಿಂದ ಹುಡುಕಿದ್ದು ಎಂದೂ ಸಿಗುತ್ತದೆ. "/ಬೂಟ್" ಬೇರೆ ಪಾರ್ಟಿಶನ್ ಆಗಿದ್ದರೆ ಅದನ್ನೂ ನೋಡಿ. ಕರ್ನಲ್ ಅಪ್‌ಡೇಟ್ ಆಗಿದೆ ಎನ್ನುತ್ತದೆ, ರೀಬೂಟ್ ಮಾಡಿದರೆ "ಯುನೇಮ್ -ಆರ್" ಹಳೆಯದೇ ತೋರಿಸುತ್ತದೆ ಎಂದಾದರೆ, ಹೊಸ ಕರ್ನಲ್ ಅವಳಿ ಡಿಸ್ಕ್‌ನ "/ಬೂಟ್"ಗೆ ಹೋಗಿ ಕೂತಿರಬಹುದು.

ತಪ್ಪು ರೂಟ್‌ನಿಂದ ಎದ್ದಿದೆ ಎಂದು ಗೊತ್ತಾದ ತಕ್ಷಣ ಡೇಟಾಬೇಸ್, ವೆಬ್ ಸರ್ವಿಸ್ ಎಲ್ಲ ನಿಲ್ಲಿಸಿ. ಆ ಹೊತ್ತಿಗೆ ಬಂದ ಹೊಸ ಡೇಟಾ ಎಲ್ಲ ಹಳೆಯ ನಕಲಿನ ಮೇಲೆ ಬೀಳುತ್ತಿದೆ. ಎಷ್ಟು ಹೊತ್ತು ಬಿಡುತ್ತೀರೋ ಅಷ್ಟು ಎರಡು ಕಡೆಯದನ್ನು ಹೊಂದಿಸುವ ಕೆಲಸ ಜಾಸ್ತಿ. ಶಟ್‌ಡೌನ್ ಮಾಡಿ, ಅವಳಿ ಡಿಸ್ಕ್ ಕಳಚಿ, ಮತ್ತೆ ಏಳಿಸಿ, "ಫೈಂಡ್‌ಎಂಎನ್‌ಟಿ" ಇನ್ನೊಮ್ಮೆ ನೋಡಿ. ಕಳಚಿದ ಡಿಸ್ಕನ್ನು ಅಳಿಸಬೇಡಿ, ನಡುವೆ ಬರೆದ ಡೇಟಾ ಅದರಲ್ಲೇ ಇದೆ.

ಅವಳಿಯ ಗುರುತು ಬದಲಿಸಲು ಅದನ್ನು ಬೇರೆ ಮೂಲದ ಒಂದು ರೆಸ್ಕ್ಯೂ ವಿಎಂಗೆ ಜೋಡಿಸಿ. ಅದೇ ಟೆಂಪ್ಲೇಟ್‌ನಿಂದ ಬಂದ ವಿಎಂ ಆದರೆ ಅಲ್ಲೂ ಇದೇ ಗಲಾಟೆ. ಇಎಕ್ಸ್‌ಟಿ4 ಆದರೆ ಮೌಂಟ್ ಮಾಡದೇ "ಇ2ಎಫ್‌ಎಸ್‌ಸಿಕೆ -ಎಫ್" ಓಡಿಸಿ, ಆಮೇಲೆ "ಟ್ಯೂನ್2ಎಫ್‌ಎಸ್ -ಯು ರ‍್ಯಾಂಡಮ್" (ಯು ದೊಡ್ಡಕ್ಷರ). ಲೇಬಲ್ ಇದ್ದರೆ "ಇ2ಲೇಬಲ್" ನಿಂದ ಅದನ್ನೂ ಬದಲಿಸಿ. ಎಕ್ಸ್‌ಎಫ್‌ಎಸ್ ಆದರೆ "ಎಕ್ಸ್‌ಎಫ್‌ಎಸ್_ಅಡ್ಮಿನ್ -ಯು ಜನರೇಟ್" (ಇಲ್ಲೂ ಯು ದೊಡ್ಡಕ್ಷರ). ಅದರ ಲಾಗ್ ಶುಚಿಯಾಗಿರಬೇಕು. ಇಲ್ಲ ಎಂದರೆ ಒಮ್ಮೆ "ನೋಯುಯುಐಡಿ" ಆಪ್ಶನ್‌ನಲ್ಲಿ ಮೌಂಟ್ ಮಾಡಿ ಅನ್‌ಮೌಂಟ್ ಮಾಡಿ, ನಂತರ ಬದಲಿಸಿ. ಎಲ್‌ವಿಎಂ ಮೇಲಿದ್ದರೆ "ವಿಜಿಇಂಪೋರ್ಟ್‌ಕ್ಲೋನ್" ಪಿವಿ (ಎಲ್‌ವಿಎಂ ಬಳಸುವ ಡಿಸ್ಕ್), ವಿಜಿ (ಅಂಥ ಡಿಸ್ಕ್‌ಗಳ ಗುಂಪು) ಗುರುತುಗಳನ್ನೂ ವಿಜಿ ಹೆಸರನ್ನೂ ಒಟ್ಟಿಗೆ ಬದಲಿಸುತ್ತದೆ. ಬಿಟಿಆರ್‌ಎಫ್‌ಎಸ್‌ನಲ್ಲಂತೂ ಒಂದೇ ಗುರುತಿನ ಎರಡು ಡಿಸ್ಕ್ ಒಟ್ಟಿಗೆ ಕಾಣಿಸುವುದೇ ಅಪಾಯ, ಡೇಟಾ ಕೆಡಬಹುದು. ಒಟ್ಟಿಗೆ ಜೋಡಿಸಲೇಬೇಡಿ.

ಒಂದು ಮಾತು ಮರೆಯಬೇಡಿ. ಗುರುತು ಬದಲಿಸಿದ ಡಿಸ್ಕ್ ಒಳಗಿನ "ಎಫ್‌ಎಸ್‌ಟ್ಯಾಬ್", ಗ್ರಬ್ ಕಾನ್ಫಿಗ್ ಇನ್ನೂ ಹಳೆಯ ಯುಯುಐಡಿಯನ್ನೇ ಹುಡುಕುತ್ತವೆ. ಫೈಲ್ ತೆಗೆಯಲು ಮಾತ್ರ ಆದರೆ ತೊಂದರೆಯಿಲ್ಲ. ಮುಂದೆ ಅದನ್ನೇ ಬೇರೆ ವಿಎಂ ಆಗಿ ಏಳಿಸುವುದಾದರೆ ಅವನ್ನೂ ತಿದ್ದಬೇಕು.

ಸ್ನ್ಯಾಪ್‌ಶಾಟ್ ಅಲ್ಲದಿದ್ದರೂ ಎಲ್‌ವಿಎಂ ಹೆಸರು ಒಂದೇ ಆಗಿರಬಹುದು. ಉಬುಂಟು ಸರ್ವರ್ ಇನ್‌ಸ್ಟಾಲರ್ ಎಲ್‌ವಿಎಂ ಆರಿಸಿದಾಗ ವಿಜಿಗೆ "ಉಬುಂಟು-ವಿಜಿ", ಅದರೊಳಗಿನ ಭಾಗವಾದ ಎಲ್‌ವಿಗೆ "ಉಬುಂಟು-ಎಲ್‌ವಿ" ಎಂದೇ ಹೆಸರಿಡುತ್ತದೆ. ಎರಡು ಬೇರೆ ಬೇರೆ ಉಬುಂಟು ವಿಎಂಗಳ ಡಿಸ್ಕ್ ಒಂದೇ ಕಡೆ ಸೇರಿದರೂ ಹೆಸರಿನ ಜಗಳ ಶುರು. ಇಲ್ಲಿ ಯುಯುಐಡಿಗಳು ಬೇರೆಯೇ ಇರುವುದರಿಂದ "ವಿಜಿರೀನೇಮ್"ಗೆ ಹಳೆಯ ಹೆಸರಿನ ಬದಲು ವಿಜಿಯ ಯುಯುಐಡಿ ಕೊಟ್ಟು ಹೆಸರು ಬದಲಿಸಬಹುದು.

ಫೈಲ್ ತೆಗೆಯುವುದಷ್ಟೇ ಕೆಲಸವಾದರೆ ಇಷ್ಟೆಲ್ಲ ಬೇಕಿಲ್ಲ. ಹೋಸ್ಟ್‌ನಲ್ಲೇ "ಗೆಸ್ಟ್‌ಫಿಶ್ --ಆರ್‌ಒ" ಬಳಸಿ ಇಮೇಜ್ ತೆರೆದು ಬೇಕಾದ ಫೈಲನ್ನು ಹೊರತೆಗೆಯಿರಿ. ಯಾವ ವಿಎಂಗೂ ಜೋಡಿಸುವ ಪ್ರಶ್ನೆಯೇ ಬರುವುದಿಲ್ಲ. ಜೋಡಿಸಲೇಬೇಕಿದ್ದರೆ ವಿಎಂ ಎದ್ದ ಮೇಲೆ "ವರ್ಶ್ ಅಟ್ಯಾಚ್-ಡಿಸ್ಕ್"ಗೆ "--ಲೈವ್" ಮಾತ್ರ ಕೊಟ್ಟು ಜೋಡಿಸಿ. "--ಕಾನ್ಫಿಗ್" ಕೊಡದಿದ್ದರೆ ಶಟ್‌ಡೌನ್ ಆದಾಗ ಅದು ತಾನಾಗಿ ಬಿಟ್ಟುಹೋಗುತ್ತದೆ. ಆದರೆ ಆ ನಡುವೆ ಗೆಸ್ಟ್ ಒಳಗಿಂದ ರೀಬೂಟ್ ಮಾಡಬೇಡಿ, ಡಿಸ್ಕ್ ಇನ್ನೂ ಜೋಡಿಸಿಯೇ ಇರುತ್ತದೆ. ಎಲ್‌ವಿಎಂ ಇರುವ ಡಿಸ್ಕ್‌ಗೆ ಈ ದಾರಿಯೂ ಬೇಡ, ಗೆಸ್ಟ್‌ಫಿಶ್ ಒಳ್ಳೆಯದು.

ಇದೇ ಹಂತದ ಇನ್ನೊಂದು ತೊಂದರೆ ಡ್ರೈವರ್. ಸಾಟಾದಲ್ಲಿದ್ದ ಡಿಸ್ಕನ್ನು ವರ್ಟಿಯೊಗೆ ಬದಲಿಸಿದಾಗ "ಯುಯುಐಡಿ ... ಡಸ್ ನಾಟ್ ಎಕ್ಸಿಸ್ಟ್" ಎಂದು ನಿಂತರೆ, ಇನಿಟ್‌ರಾಮ್‌ಎಫ್‌ಎಸ್ ಒಳಗೆ ವರ್ಟಿಯೊ ಡ್ರೈವರ್ ಇಲ್ಲ. ವಿಂಡೋಸ್ ಆದರೆ 0ಎಕ್ಸ್7ಬಿ, ಅಂದರೆ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಬರುತ್ತದೆ. ಡಿಸ್ಕನ್ನು ವಾಪಸ್ ಸಾಟಾಗೆ ಹಾಕಿ ಏಳಿಸಿ. ಜೊತೆಗೆ 1 ಜಿಬಿಯ ಖಾಲಿ ವರ್ಟಿಯೊ ಡಿಸ್ಕ್ ಒಂದನ್ನು ಜೋಡಿಸಿ, ವಿಂಡೋಸ್‌ನಲ್ಲಿ ಡ್ರೈವರ್ ಇನ್‌ಸ್ಟಾಲ್ ಮಾಡಿ. ಲಿನಕ್ಸ್‌ನಲ್ಲಿ ಇನಿಟ್‌ರಾಮ್‌ಎಫ್‌ಎಸ್ ಅನ್ನು ವರ್ಟಿಯೊ ಡ್ರೈವರ್ ಸೇರಿಸಿ ಮತ್ತೆ ಕಟ್ಟಿ. ಆಮೇಲೆ ಸಿಸ್ಟಂ ಡಿಸ್ಕ್ ಬದಲಿಸಿ.

ಬೇರೆ ಹೈಪರ್‌ವೈಸರ್‌ಗಳಲ್ಲಿ

ಎರಡನೇ, ಮೂರನೇ ಹಂತ ಎಲ್ಲೆಡೆಯೂ ಒಂದೇ. ಮೊದಲ ಹಂತದ ಕೀಲಿ ಮಾತ್ರ ಬೇರೆ ಕಡೆ ಇರುತ್ತದೆ.

ವಿಎಂವೇರ್‌ನ ಬಯೋಸ್ ವಿಎಂಗಳಲ್ಲಿ ವಿಎಂಎಕ್ಸ್ ಫೈಲ್‌ಗೆ "ಬಯೋಸ್.ಬೂಟ್‌ಆರ್ಡರ್" ಮತ್ತು "ಬಯೋಸ್.ಎಚ್‌ಡಿಡಿಆರ್ಡರ್" ಬರೆಯಬಹುದು. ಮೊದಲನೆಯದು ಹಾರ್ಡ್ ಡಿಸ್ಕ್, ಸಿಡಿ, ನೆಟ್‌ವರ್ಕ್ ಎಂಬ ಜಾತಿಗಳ ಕ್ರಮ. ಎರಡನೆಯದರಲ್ಲಿ "ಸ್ಕಸಿ0:1" ಎಂಬಂತೆ ನಿರ್ದಿಷ್ಟ ಡಿಸ್ಕ್ ಹೆಸರಿಸಬಹುದು, ತುಂಬ ಜನ ಬಿಟ್ಟುಬಿಡುವುದು ಇದನ್ನೇ. ಪರದೆ ಬೇಗ ಹಾದುಹೋಗುತ್ತಿದ್ದರೆ "ಬಯೋಸ್.ಬೂಟ್‌ಡಿಲೇ"ಗೆ 5000 ಕೊಡಿ, ಅದು ಮಿಲಿಸೆಕೆಂಡ್ ಲೆಕ್ಕ.

ಹೈಪರ್-ವಿಯ ಜನರೇಶನ್ 1 ವಿಎಂ ಸ್ಕಸಿ ಡಿಸ್ಕ್‌ನಿಂದ ಏಳುವುದಿಲ್ಲ. ಸಿಸ್ಟಂ ಡಿಸ್ಕ್ ಐಡಿಇ ಕಂಟ್ರೋಲರ್‌ನಲ್ಲೇ ಇರಬೇಕು, ಕಂಟ್ರೋಲರ್ 0, ಜಾಗ 0ರಲ್ಲಿ ಇಡುವುದು ಸೂಕ್ತ. ಜನರೇಶನ್ 2 ಯುಇಎಫ್‌ಐ ಆದ್ದರಿಂದ ಸ್ಕಸಿ ನಡೆಯುತ್ತದೆ. ಪವರ್‌ಶೆಲ್‌ನಲ್ಲಿ "ಸೆಟ್-ವಿಎಂಫರ್ಮ್‌ವೇರ್"ಗೆ "-ಫಸ್ಟ್‌ಬೂಟ್‌ಡಿವೈಸ್" ಕೊಟ್ಟು ಬೇಕಾದ ಡಿಸ್ಕ್ ಹೇಳಬಹುದು.

ವರ್ಚುವಲ್‌ಬಾಕ್ಸ್‌ನ ಸಿಸ್ಟಂ ಪುಟದಲ್ಲಿ ಫ್ಲಾಪಿ, ಆಪ್ಟಿಕಲ್, ಹಾರ್ಡ್ ಡಿಸ್ಕ್, ನೆಟ್‌ವರ್ಕ್ ಎಂಬ ಜಾತಿಗಳ ಕ್ರಮ ಮಾತ್ರ ಇದೆ. ನಿರ್ದಿಷ್ಟ ಡಿಸ್ಕ್ ಆರಿಸುವ ಜಾಗ ಅಲ್ಲಿಲ್ಲ. ಬಯೋಸ್ ವಿಎಂ ಏಳುವಾಗ ಎಫ್12 ಒತ್ತಿದರೆ ಆ ಸಲಕ್ಕೆ ಆರಿಸಿಕೊಳ್ಳಬಹುದು. ಕಾಯಂ ಬೇಕಿದ್ದರೆ ಸ್ಟೋರೇಜ್ ಪುಟದಲ್ಲಿ ಸಿಸ್ಟಂ ಡಿಸ್ಕನ್ನು ಪೋರ್ಟ್ 0ಕ್ಕೂ ಉಳಿದವನ್ನು ಅದರ ನಂತರದ ಪೋರ್ಟ್‌ಗಳಿಗೂ ಹಾಕಿ.